ಅರವತ್ತೆರಡು ಮೀಟರ್ ದೂರದ ಸಪ್ಪಲಮ್ಮ

ಸಾರಕ್ಕಿಯ ಪಿಳ್ಳಣ್ಣನ ಮುದ್ದೆ ಹೋಟೆಲಿನ ನಾಟಿಕೋಳಿ ಸಾರಿಗೆ ಸೋಲದ ನಾಲಿಗೆ ಇರಲಿಲ್ಲ. ಆದರೇನು, ಸಂಜೆಯಾದರೆ ಗಿರಾಕಿಗಳು "ಬಿಯರ್ ಇಲ್ವಾ ಅಂಕಲ್?" ಎಂದು ಎದ್ದು ಪಕ್ಕದ ರಸ್ತೆಗೆ ನಡೆಯುತ್ತಿದ್ದರು. ಹೀಗೇ ಆದರೆ ಅಂಗಡಿಗೆ ಬೀಗ ಹಾಕಬೇಕಾದೀತೆಂದು ಹೆದರಿದ ಪಿಳ್ಳಣ್ಣ, ಬಾರ್ ಲೈಸೆನ್ಸಿಗಾಗಿ ಎರಡು ವರ್ಷ ಅಬಕಾರಿ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದ. ಕೊನೆಗೂ ಇವತ್ತು ಇನ್ಸ್‌ಪೆಕ್ಟರ್ ಮಾಧವ ಟೇಪು ಹಿಡಿದು ಜಾಗ ನೋಡಲು ಬಂದಿದ್ದರು.

ಶಾಲೆ ದೂರವಿತ್ತು, ಆಸ್ಪತ್ರೆಯೂ ದೂರವಿತ್ತು. ಅಡ್ಡ ಬಂದವಳು ಊರದೇವತೆ ಸಪ್ಪಲಮ್ಮ. ಬೇವಿನ ಮರದ ಕೆಳಗೆ ಆಳೆತ್ತರದ ಗುಡಿ. ಹೋಟೆಲಿನ ಬಾಗಿಲಿಂದ ಅರವತ್ತೆರಡು ಮೀಟರ್. ನೂರು ಮೀಟರಿನೊಳಗೆ ದೇವಸ್ಥಾನವಿದ್ದರೆ ಬಾರ್ ಕೊಡುವಂತಿಲ್ಲ. ಪಿಳ್ಳಣ್ಣ ಟೇಪನ್ನು ತಾನೇ ಇನ್ನೊಮ್ಮೆ ಎಳೆದು ನೋಡಿದ.

ಮಾಧವ ನಕ್ಕರು. "ಟೆನ್ಷನ್ ಬೇಡಿ. ಈ ಗುಡಿಗೆ ಟ್ರಸ್ಟು, ರಿಜಿಸ್ಟ್ರೇಷನ್ ಏನೂ ಇಲ್ವಲ್ಲ? ರೂಲ್ಸಲ್ಲಿ ಲೆಕ್ಕಕ್ಕೇ ಬರಲ್ಲ. ಈ ಅರ್ಜಿ ಹಾಳೇಲಿ 'ದೇವಸ್ಥಾನ ಇಲ್ಲ' ಅಂತ ಬರೆದು ಸೈನ್ ಹಾಕಿ."

"ಬರೆದ್ಬಿಡಿ," ಎಂದಳು ಹೆಂಡತಿ ಮುನಿಲಕ್ಷ್ಮಮ್ಮ. "ಅಮ್ಮ ಏನು ಬಂದು ಓದ್ತಾಳಾ?"

ಪಿಳ್ಳಣ್ಣ ಪೆನ್ನು ತೆಗೆದುಕೊಂಡ. ಕೈ ಓಡಲಿಲ್ಲ. ಸಾರಕ್ಕಿಯ ಹೊಲಗದ್ದೆಗಳೆಲ್ಲ ಸೈಟುಗಳಾಗಿ ಮಾಯವಾಗಿದ್ದವು. ಅವನ ಮನೆತನಕ್ಕೆ ಉಳಿದದ್ದು ಸಪ್ಪಲಮ್ಮನ ಪೂಜೆಯೊಂದೇ.

"ಸಾರ್, ಜಾತ್ರೇಲಿ ಅವಳ ಮುಂದೆ ಕ್ವಾರ್ಟರ್ ಬಾಟ್ಲಿ ಇಡೋನೇ ನಾನು. ಬಾರ್ ಹಾಕಿದ್ರೆ ಅವಳದೇನೂ ತಕರಾರಿಲ್ಲ. ಆದ್ರೆ ಅವಳೇ ಇಲ್ಲ ಅಂತ ಈ ಕೈಯಲ್ಲಿ ಹೆಂಗ್ ಬರೀಲಿ?"

ಹಾಗೆಂದವನೇ ಒತ್ತಿ ಒತ್ತಿ ಬರೆದ: 'ಸಪ್ಪಲಮ್ಮನ ದೇವಸ್ಥಾನ ಇದೆ. ರಿಜಿಸ್ಟರ್ ಆಗಿಲ್ಲ. ಪೂಜೆ ತಪ್ಪಿಲ್ಲ.'

ಮಾಧವ ಓದಿ ತಲೆ ಕೆರೆದುಕೊಂಡರು. "ಹಿಂಗ್ ಬರೆದ್ರೆ ಮೇಲಿನವರು ನೂರೆಂಟು ಪ್ರಶ್ನೆ ಕೇಳ್ತಾರೆ. ಲೈಸೆನ್ಸ್ ಸಿಗದೇ ಹೋಗ್ಬಹುದು. ಇನ್ನೊಂದು ಹಾಳೆ ಕೊಡ್ಲಾ?"

ಪಿಳ್ಳಣ್ಣ ಹೆಂಡತಿಯ ಕಡೆ ನೋಡಿದ. ಬೈಗುಳ ಗ್ಯಾರಂಟಿ ಅಂದುಕೊಂಡ. ಮುನಿಲಕ್ಷ್ಮಮ್ಮ ಹಾಳೆಯನ್ನು ಕೈಗೆ ತೆಗೆದುಕೊಂಡು ತುಟಿಯಲ್ಲೇ ಓದಿದಳು, ಇನ್ನೊಂದು ಸಲ ಓದಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಇನ್ಸ್‌ಪೆಕ್ಟರಿಗೆ ಹೇಳಿದಳು:

"ಬೇರೆ ಹಾಳೆ ಬೇಡ ಸಾರ್. ನಮ್ಮೆಜಮಾನ್ರು ಬರೆದಿದ್ದೇ ಸರಿ. ನೀವು ಕೂತ್ಕೊಳಿ, ಮುದ್ದೆ ಬಿಸಿ ಇದೆ."

ಲೈಸೆನ್ಸೇ ಕೈಗೆ ಬಂದಿದ್ದರೂ ಪಿಳ್ಳಣ್ಣನಿಗೆ ಇಷ್ಟು ಹೆಮ್ಮೆಯಾಗುತ್ತಿರಲಿಲ್ಲ.