ಹತ್ತುವಾಗ ಊರಿನ ಸೈಕಲ್ಲು

ಸೈಕಲ್ಲು ಏರಿ ಕಚೇರಿಗೆ ಬರುವ ಗುಮಾಸ್ತರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಸೈಕಲ್ಲನ್ನು ಕಚೇರಿಗೆ ನಡೆಸಿಕೊಂಡು ಬರುತ್ತಿದ್ದವರನ್ನು ಒಬ್ಬರನ್ನೇ ಕಂಡದ್ದು. ಬೋಯಿಕೇರಿಯಿಂದ ಮಡಿಕೇರಿಗೆ ಬರುವ ಆ ನಾಲ್ಕೈದು ಮೈಲಿಯ ಏರುದಾರಿಯಲ್ಲಿ, ಎಡಗೈ ಹ್ಯಾಂಡಲ್ಲಿನ ಮೇಲೆ, ಬಲಗೈ ಸೀಟಿನ ಮೇಲೆ, ಮೈ ತುಸು ಮುಂದಕ್ಕೆ ಬಾಗಿ, ಮೊಂಡು ಕರುವನ್ನು ಸಂತೆಗೆ ಹೊಡೆದುಕೊಂಡು ಹೋಗುವ ರೈತನ ಗಂಭೀರ ಸಹನೆಯಿಂದ ಸಣ್ಣಸ್ವಾಮಿಯವರು ಪ್ರತಿನಿತ್ಯ ತಮ್ಮ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದರು. ಸಂಜೆ ಅದೇ ದಾರಿಯಲ್ಲಿ, ಒಂದು ಸಲವೂ ಪೆಡಲು ತುಳಿಯದೆ, ಎರಡೂ ಬ್ರೇಕುಗಳನ್ನು ಕಿರುಗುಟ್ಟಿಸುತ್ತ ಅರ್ಧ ಗಂಟೆಯಲ್ಲಿ ಮನೆ ಸೇರುತ್ತಿದ್ದರು. ಬೆಳಿಗ್ಗೆ ಮಾಡಿದ ಉಪಕಾರವನ್ನು ಸೈಕಲ್ಲು ಸಂಜೆಗೆ ತೀರಿಸುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ ಅದು. ಮಡಿಕೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ, ಅದರ ಹೆಸರು ಇಲ್ಲಿ ಬೇಡ, ನಾವಿಬ್ಬರೂ ಒಂದೇ ಮೇಜಿನ ಎರಡು ಕಡೆ ಕುಳಿತು ಬರೆಯುತ್ತಿದ್ದೆವು. ನನ್ನ ಮನೆ ಕಚೇರಿಗೆ ಕೂಗಳತೆಯಲ್ಲಿತ್ತು, ಆದ್ದರಿಂದ ನಡಿಗೆಯ ಕಷ್ಟಸುಖಗಳ ಬಗ್ಗೆ ಉಪದೇಶ ಮಾಡುವ ಅಧಿಕಾರ ನನಗೆ ಧಾರಾಳವಾಗಿತ್ತು. ಸಣ್ಣಸ್ವಾಮಿಯವರ ಹಿರಿಯರು ಹಾಸನದ ಕಡೆಯಿಂದ ಬಂದು ಕೊಡಗಿನ ಗಡಿಯ ಶಿರಂಗಾಲದಲ್ಲಿ ರಾಗಿ, ಹೊಗೆಸೊಪ್ಪು ಬೆಳೆದುಕೊಂಡು ನಿಂತವರು. ಶಿರಂಗಾಲದ ಸಮನೆಲದಲ್ಲಿ ಕಲಿತ ಸೈಕಲ್ ವಿದ್ಯೆ ಮಡಿಕೇರಿಯ ಗುಡ್ಡಗಳ ಮುಂದೆ ನಡೆಯಲಿಲ್ಲ. ಪೇಟೆಯಲ್ಲೇ ಮನೆ ಮಾಡಬಹುದಿತ್ತಲ್ಲ ಎಂದರೆ, ಅವರ ಹೆಂಡತಿ ವನಜಮ್ಮನವರು ಬೋಯಿಕೇರಿ ಕಡೆಯ ಪ್ರೈಮರಿ ಸ್ಕೂಲಿನಲ್ಲಿ ಉಪಾಧ್ಯಾಯಿನಿ. "ವಿಷಯ ಏನಪ್ಪಾ ಅಂದ್ರೆ ರಾಯರೇ, ಇಬ್ಬರಲ್ಲಿ ಒಬ್ಬರು ನಡೀಲೇಬೇಕು. ಆಯಮ್ಮ ದಿನಾ ನಲವತ್ತು ಮಕ್ಕಳನ್ನ ಮೇಯಿಸ್ತಾಳೆ, ನಾನು ಒಂದು ಸೈಕಲ್ ಮೇಯಿಸಿದ್ರೆ ತಪ್ಪೇನು?" ಎನ್ನುತ್ತಿದ್ದರು. ಗಂಟೆ ಎಷ್ಟು ಎಂದು ಕೇಳಿದರೂ ಅವರ ಉತ್ತರ "ವಿಷಯ ಏನಪ್ಪಾ ಅಂದ್ರೆ" ಎಂದೇ ಆರಂಭವಾಗುತ್ತಿತ್ತು.

ಅವರಿಗೆ ಒಂದು ಕಪ್ಪು ಆಲ್ಪಾಕ ಉಣ್ಣೆಯ ಕೋಟಿತ್ತು. ಮೊಳಕೈಗಳಲ್ಲಿ ಮಿರುಗು ಬಂದು, ಕಾಲರಿನ ಅಂಚಿನಲ್ಲಿ ನೂಲು ಬಿಟ್ಟುಕೊಂಡಿದ್ದ ಆ ವಸ್ತ್ರವನ್ನು ಅವರು ದಾರಿಯಲ್ಲಿ ಎಂದೂ ತೊಡುತ್ತಿರಲಿಲ್ಲ. ಒಳಮಗ್ಗುಲು ಹೊರಗೆ ಮಾಡಿ ಮಡಿಚಿ, ಖಾದಿ ಚೀಲದಲ್ಲಿಟ್ಟು, ಕಚೇರಿಯ ಬಾಗಿಲ ಹೊರಗೆ ಸೈಕಲ್ಲಿಗೆ ಬೀಗ ಹಾಕಿದ ಮೇಲೆ, ಪೂಜೆಗೆ ಮಡಿ ಉಡುವವರಂತೆ ಅದನ್ನು ಧರಿಸಿ ಒಳಗೆ ಬರುತ್ತಿದ್ದರು. ಬೆವರಿನ ಭಯವೇ ಎಂದು ಒಮ್ಮೆ ಕೇಳಿದೆ. "ಅಲ್ಲ ರಾಯರೇ. ಕೋಟು ಹಾಕಿದ ಮೇಲೆ ನಾನು ಸರ್ಕಾರ. ದಾರೀಲಿ ಸರ್ಕಾರದ ಕೈಲಿ ಯಾರಾದ್ರೂ ಕುಂಬಳಕಾಯಿ ಹೊರಿಸ್ತಾರಾ?" ಎಂದರು.

ಕುಂಬಳಕಾಯಿಯ ಮಾತು ಉಪಮೆಯಲ್ಲ. ಅವರ ಸೈಕಲ್ಲು ಮಡಿಕೇರಿ ತಲುಪುವ ಹೊತ್ತಿಗೆ ಹ್ಯಾಂಡಲ್ಲಿನ ಎರಡೂ ಕಡೆ, ಕ್ಯಾರಿಯರಿನ ಮೇಲೆ, ಚೌಕಟ್ಟಿನ ಸಂದಿಯಲ್ಲಿ, ಆ ದಾರಿಯಲ್ಲಿ ಪೇಟೆಗೆ ನಡೆದುಬರುವ ಬಡಬಗ್ಗರ ಹೊರೆಗಳೆಲ್ಲ ತೂಗುತ್ತಿದ್ದವು. ಕಾಲು ಕಟ್ಟಿದ ಕೋಳಿ, ಸೌತೆಕಾಯಿಯ ಕುಕ್ಕೆ, ಆಸ್ಪತ್ರೆಗೆ ಹೋಗುವವರ ಗಂಟು, ಹೀಗೆ ಏನಾದರೂ. ಹೊರೆ ಇಲ್ಲದ ಮುದುಕರು ಬರಿಯ ಕ್ಯಾರಿಯರನ್ನು ಹಿಡಿದುಕೊಂಡು ಏರು ಹತ್ತುತ್ತಿದ್ದರು. ಅವರ ಭಾರವೂ ಇವರ ಭುಜಕ್ಕೇ ಸೇರುತ್ತಿತ್ತು. ಈ ವಿಷಯದಲ್ಲಿ ಅವರಿಗೆ ಒಂದು ನಿಯಮವಿತ್ತು: "ಹತ್ತುವಾಗ ಸೈಕಲ್ಲು ಊರಿಂದು, ಇಳಿಯುವಾಗ ನಂದು." ಸಂಜೆ ಯಾರೇ ಕೈಯೊಡ್ಡಲಿ, ಗಂಟೆ ಬಾರಿಸಿಕೊಂಡು ಹೋಗಿಬಿಡುತ್ತಿದ್ದರು. ಬೆಳಿಗ್ಗೆ ಮಾತ್ರ ಯಾರಿಗೂ ಇಲ್ಲವೆಂದದ್ದಿಲ್ಲ.

ಊರಿನ ಈ ಸೇವೆಗೆ ಫಲ ಹಾಜರಿ ಪುಸ್ತಕದಲ್ಲಿ ಕಾಣುತ್ತಿತ್ತು. ಹತ್ತೂವರೆಗೆ ಸರಿಯಾಗಿ ನಮ್ಮ ಹೆಡ್ ಗುಮಾಸ್ತರಾದ ಚನ್ನಮಲ್ಲಪ್ಪನವರು ಆ ಪುಸ್ತಕವನ್ನು ತರಿಸಿಕೊಂಡು, ಬಾರದವರ ಹೆಸರಿನ ಎದುರು ಕೆಂಪು ಶಾಯಿಯ ಗೀಟು ಎಳೆಯುತ್ತಿದ್ದರು. ಸಣ್ಣಸ್ವಾಮಿಯವರ ಸಾಲು ದಾಸವಾಳದ ಬೇಲಿಯಂತೆ ಕೆಂಪಾಗಿರುತ್ತಿತ್ತು. ಅವರು ಸೇರಿ ಎಂಟು ವರ್ಷವಾಗಿತ್ತು. ಎಂಟು ವರ್ಷವೂ ತಾತ್ಕಾಲಿಕ ಗುಮಾಸ್ತರೇ. ಅವರ ಜೊತೆಗೆ ಸೇರಿದ ನಾನು ಕಾಯಂ ಆಗಿ ಮೂರು ವರ್ಷ ಕಳೆದಿತ್ತು. ಬರವಣಿಗೆಯಲ್ಲಾಗಲಿ ಕಾನೂನಿನ ತಿಳಿವಿನಲ್ಲಾಗಲಿ ನಾನು ಅವರ ಕಾಲ ಧೂಳಿಗೂ ಸಮನಲ್ಲ. ಮನೆ ಹತ್ತಿರವಿತ್ತು, ಅಷ್ಟೆ.

ಐವತ್ತಾರನೆಯ ಇಸವಿಯ ಆಗಸ್ಟ್ ಕೊನೆಯಲ್ಲಿ ಚನ್ನಮಲ್ಲಪ್ಪನವರು ಅವರನ್ನು ಕರೆದರು. ನವೆಂಬರಿಗೆ ಕೊಡಗು ಮೈಸೂರಿನೊಡನೆ ಒಂದಾಗುವುದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು ಕಾಯಮಾಗುವವರ ಒಂದು ಕೊನೆಯ ಪಟ್ಟಿ ನಮ್ಮ ಕಚೇರಿಯಿಂದ ಹೋಗಬೇಕಿತ್ತು. ಅದರಲ್ಲಿ ಹೆಸರಿಲ್ಲದ ತಾತ್ಕಾಲಿಕರಿಗೆ ವಿಲೀನದ ಬಳಿಕ ಕೆಲಸವಿಲ್ಲ. "ನೋಡ್ರೀ ಸಣ್ಣಸ್ವಾಮಿ, ನಿಮ್ಮ ಕೆಲಸದ ಮೇಲೆ ನಂಗೆ ಒಂದು ಮಾತಿಲ್ಲ. ಸೆಪ್ಟೆಂಬರ್ ಒಂದು ತಿಂಗಳು ಕೆಂಪು ಗೀಟು ಬೀಳದ ಹಾಗೆ ಬನ್ನಿ, ಬೇರೆ ಯಾವ ದೂರೂ ತಂದ್ಕೋಬೇಡಿ, ನಿಮ್ಮ ಹೆಸರು ನಾನೇ ಬರೀತೀನಿ. ಒಂದು ತಪ್ಪಾದ್ರೂ ನನ್ನ ಕೈ ಕಟ್ಟಿಹೋಗ್ತದೆ" ಎಂದರು. ಅವರು ಕಟುವಾಗಿದ್ದರೂ ಕೆಟ್ಟವರಲ್ಲ.

ಆ ದಿನ ಸಂಜೆ ಸಣ್ಣಸ್ವಾಮಿಯವರಿಗೆ ಬುದ್ಧಿ ಹೇಳಿದವನು ನಾನು. ಬೇರೆಯವರ ಕೋಳಿ ಕುಕ್ಕೆ ಹೊತ್ತು ನಿಮ್ಮ ಅನ್ನಕ್ಕೆ ಕಲ್ಲು ಹಾಕಿಕೊಳ್ಳಬೇಡಿ, ತಿಂಗಳ ಮಟ್ಟಿಗೆ ತಲೆ ತಗ್ಗಿಸಿಕೊಂಡು ಬಂದುಬಿಡಿ, ಯಾರು ಕರೆದರೂ ಕಿವಿ ಕೇಳದವರ ಹಾಗಿರಿ ಎಂದೆ. ಇನ್ನೂ ಒಂದು ಸಲಹೆ ಕೊಟ್ಟೆ: ಕೋಟನ್ನು ಮನೆಯಿಂದಲೇ ಹಾಕಿಕೊಂಡು ಬನ್ನಿ, ಸರ್ಕಾರವನ್ನು ಕಂಡರೆ ಜನ ತಾವಾಗಿಯೇ ದೂರ ನಿಲ್ಲುತ್ತಾರೆ. ಈ ಜಾಣತನಕ್ಕೆ ನಾನೇ ನಕ್ಕೆ. ಅವರು ನಗಲಿಲ್ಲ, ಆದರೆ ಮಾತು ಕೇಳಿದರು. ಸೆಪ್ಟೆಂಬರ್ ತಿಂಗಳಿಡೀ ಬೆವರಿನಲ್ಲಿ ತೊಯ್ದ ಕೋಟಿನಲ್ಲಿ, ಬರಿಯ ಸೈಕಲ್ಲಿನೊಡನೆ, ನಡುವೆ ಸಿಗುವ ಒಂದು ತುಂಡು ಚಪ್ಪಟೆ ರಸ್ತೆಯಲ್ಲಿ ಅದನ್ನು ಏರಿಯೂ ಬಿಟ್ಟು, ಹತ್ತು ಗಂಟೆಗೇ ಬಂದು ಕೂರುತ್ತಿದ್ದರು. ಹಾಜರಿ ಪುಸ್ತಕ ಶುಭ್ರವಾಯಿತು. ಮನುಷ್ಯ ಮಾತ್ರ ಮಂಕಾದರು. "ವಿಷಯ ಏನಪ್ಪಾ ಅಂದ್ರೆ" ಎನ್ನುವುದೂ ಕಡಿಮೆಯಾಯಿತು. "ಮೊದಲ ವಾರ ಜನ ಕೂಗ್ತಿದ್ರು ರಾಯರೇ. ಈಗ ನನ್ನನ್ನ ಕಂಡ್ರೆ ರಸ್ತೆ ಬಿಟ್ಟು ನಿಲ್ತಾರೆ" ಎಂದು ಒಂದು ದಿನ ಹೇಳಿದರು. ನನ್ನ ಉಪಾಯ ಫಲಿಸಿತೆಂದು ನಾನು ಹಿಗ್ಗಿದೆ. ಎಂಥ ಮಂದಬುದ್ಧಿ ನನ್ನದು!

ತಿಂಗಳ ಕೊನೆಯ ಶನಿವಾರ ಬಂತು. ಪೈಸಾರಿ, ಎಂದರೆ ಯಾರ ಹೆಸರಿಗೂ ಇಲ್ಲದ ಸರ್ಕಾರಿ ಜಾಗದಲ್ಲಿ, ಗುಡಿಸಲು ಹಾಕಿಕೊಂಡಿದ್ದ ಬಡವರು ಆ ನೆಲ ತಮ್ಮ ಹೆಸರಿಗೆ ಆಗಬೇಕೆಂದು ಅರ್ಜಿ ಕೊಡಲು ಅಂದು ಮಧ್ಯಾಹ್ನ ಹನ್ನೆರಡು ಗಂಟೆಯೇ ಕೊನೆಯ ಗಡುವು. ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಕುಳಿತವರು ಸಣ್ಣಸ್ವಾಮಿಯವರು. ಹನ್ನೆರಡು ಹೊಡೆಯಿತು. ಚನ್ನಮಲ್ಲಪ್ಪನವರು ಬಂದು ರಿಜಿಸ್ಟರಿನಲ್ಲಿ ಕೊನೆಯ ಅರ್ಜಿಯ ಕೆಳಗೆ ಗೀಟೆಳೆದು ರುಜು ಮಾಡಿ ಹೋದರು. ಕಿಟಕಿ ಮುಚ್ಚಿತು. ಮುಕ್ಕಾಲು ಗಂಟೆ ಕಳೆದಿರಬಹುದು, ಹೊರಗಿನಿಂದ ಯಾರೋ ಕಿಟಕಿಯ ಹಲಗೆಯನ್ನು ಮೆಲ್ಲಗೆ ತಟ್ಟಿದರು.

ತೆರೆದರೆ ಕೆಂಚಿ. ಬೋಯಿಕೇರಿಯ ಕೆಳಗಿನ ಎಸ್ಟೇಟಿನ ಲೈನಿನಲ್ಲಿ, ಎಂದರೆ ಕೂಲಿಯವರ ಸಾಲುಮನೆಯಲ್ಲಿ ಇದ್ದು, ಮೂವತ್ತು ವರ್ಷ ಕಾಫಿ ಪಿಕಿಂಗ್ ಮಾಡಿ, ಒಂದು ಕಾಲು ಊನವಾದ ಮೇಲೆ ಲೈನು ಬಿಟ್ಟು, ತೊರೆಯಾಚೆಯ ಪೈಸಾರಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಮುದುಕಿ. ಸೈಕಲ್ಲಿನ ಕ್ಯಾರಿಯರು ಹಿಡಿದು ಏರು ಹತ್ತುತ್ತಿದ್ದವರಲ್ಲಿ ಒಬ್ಬಳು. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದವಿತ್ತು. ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರು ಅದನ್ನು ಹಿಂದಿನ ದಿನ ಸಂಜೆಯಷ್ಟೇ ಬರೆದುಕೊಟ್ಟಿದ್ದರು.

"ಹೊತ್ತಾಗೋಯ್ತಾ ಬುದ್ದಿ?" ಎಂದಳು. "ಆ ಚಪ್ಪಟೆ ರಸ್ತೇಲಿ ನೀವು ಸೈಕಲ್ ಹತ್ತಿ ಬತ್ತಿದ್ರಿ. ಇದ ಕೊಟ್ಬುಡಾನ ಅಂತ ಕೈಯೆತ್ತಿ ಕೂಗ್ದೆ. ಅವಸರದಾಗಿದ್ರಿ. ನಿಮ್ಗೆ ಕೇಳಿಸ್ನಿಲ್ಲ ಅನ್ಕಂಡೆ."

ಸಣ್ಣಸ್ವಾಮಿಯವರು ಕೈಚಾಚಿ ಆ ಕಾಗದವನ್ನು ತೆಗೆದುಕೊಂಡರು. ಆಮೇಲೆ, "ಕೇಳಿಸ್ತು ಕಣವ್ವ" ಎಂದರು.

ನಾನು ಎದ್ದು ಹೋಗಿ ಅವರ ಕಿವಿಯಲ್ಲಿ ಹೇಳಿದೆ: ರಿಜಿಸ್ಟರು ಮುಚ್ಚಿ ರುಜು ಬಿದ್ದಿದೆ, ಇನ್ನು ಏನು ಮಾಡಲೂ ಬರುವುದಿಲ್ಲ, ಕಳಿಸಿಬಿಡಿ. ಅವರು ನನ್ನತ್ತ ತಿರುಗಿ, "ಕಚೇರಿಯ ತಪ್ಪಿಂದ ತಡವಾದ ಅರ್ಜಿ ತಡವಾದದ್ದಲ್ಲ ಅಂತ ರೂಲ್ ಅದೆ ರಾಯರೇ. ನಿಮಗೂ ಗೊತ್ತು" ಎಂದರು. ನನಗೆ ಗೊತ್ತಿತ್ತು. ಆ ತಪ್ಪನ್ನು ಯಾರಾದರೂ ಒಪ್ಪಿಕೊಂಡು ಬರೆದುಕೊಡಬೇಕೆಂಬುದೂ ಗೊತ್ತಿತ್ತು. ಸರ್ಕಾರಿ ಸೇವೆಯಲ್ಲಿ ಆ ನಿಯಮವನ್ನು ಯಾರೂ ಬಳಸಿದ್ದನ್ನು ನಾನು ಕಂಡಿರಲಿಲ್ಲ. "ಪಟ್ಟಿಯ ಗತಿ?" ಎಂದೆ. ಅವರು ಅರ್ಜಿಯನ್ನು ಬಿಡಿಸಿ, ಶಾಯಿಯಲ್ಲಿ ಪೆನ್ನದ್ದಿ, ತಮ್ಮ ಗುಂಡನೆಯ ಅಕ್ಷರದಲ್ಲಿ ಅಂಚಿನ ಮೇಲೆ ಬರೆದರು:

"ಸಮಯ ಹನ್ನೆರಡು ಮುಕ್ಕಾಲು. ಅರ್ಜಿದಾರಳು ಈ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ದಾರಿಯಲ್ಲಿ ಇದನ್ನು ಸ್ವೀಕಾರ ಗುಮಾಸ್ತನಿಗೆ ಒಪ್ಪಿಸಲು ಕೈಯೆತ್ತಿ ಕರೆದಳು. ಗುಮಾಸ್ತನು ಕಂಡೂ ಕೇಳಿಯೂ ಸೈಕಲ್ಲನ್ನು ನಿಲ್ಲಿಸಲಿಲ್ಲ. ತಡಕ್ಕೆ ಅವನೇ ಹೊಣೆ." ಕೆಳಗೆ ಪೂರ್ಣ ರುಜು, ತಾರೀಖು.

ಚನ್ನಮಲ್ಲಪ್ಪನವರು ಅದನ್ನು ಮೂರು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ನಾಲ್ಕನೆಯ ಸಲವೂ ಓದಿದರು. "ಇದು ಕಚೇರಿಯ ತಪ್ಪು ಹೇಗಾಯ್ತುರೀ? ರಸ್ತೇಲಿ ಸೈಕಲ್ ಮೇಲಿದ್ದಾಗ ನೀವು ಕಚೇರಿಯಾ?"

"ಕೋಟು ಹಾಕಿದ್ದೆ ಸಾರ್."

ನಾನು ನೆಲ ನೋಡಿದೆ. ಆ ಕೋಟನ್ನು ದಾರಿಯಲ್ಲಿ ತೊಡಿಸಿದವನು ನಾನು.

"ತಿಂಗಳು ಮುಗಿಯೋಕೆ ಇನ್ನೊಂದೇ ದಿನ ಇತ್ತಲ್ರೀ" ಎಂದರು ಚನ್ನಮಲ್ಲಪ್ಪನವರು. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. "ಅರ್ಜಿ ತಗೊಂಡ್ರೆ ಈ ಬರಹವೂ ಮೇಲಕ್ಕೆ ಹೋಗ್ತದೆ. ಕರ್ತವ್ಯದಲ್ಲಿ ಉದಾಸೀನ ಅಂತ ನಿಮ್ಮ ಕೈಬರಹದಲ್ಲೇ ಅದೆ. ಅದನ್ನ ಇಟ್ಕೊಂಡು ನಿಮ್ಮ ಹೆಸರನ್ನ ನಾನು ಪಟ್ಟೀಲಿ ಹೇಗೆ ಬರೀಲಿ? ಹರಿದು ಹಾಕಿ, ಮನೆಗೆ ಹೋಗಿ."

"ಹರಿದ್ರೆ ಅರ್ಜಿನೂ ಹರೀತದೆ ಸಾರ್" ಎಂದರು ಸಣ್ಣಸ್ವಾಮಿ.

ಚನ್ನಮಲ್ಲಪ್ಪನವರು ರಿಜಿಸ್ಟರನ್ನು ತರಿಸಿ, ತಾವೇ ಎಳೆದ ಗೀಟಿನ ಕೆಳಗೆ ಕೆಂಚಿಯ ಹೆಸರನ್ನು ತಮ್ಮ ಕೈಯಾರೆ ಬರೆದರು. ಅದು ಅವರ ಮಟ್ಟಿಗೆ ಸಣ್ಣ ಕೆಲಸವಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಅಂದು ಅರ್ಧ ದಿನದ ಕಚೇರಿ ಮುಗಿದ ಮೇಲೆ ನಾನು ಕಿಟಕಿಯಿಂದ ನೋಡಿದೆ. ಇಳಿಜಾರಿನ ನೆತ್ತಿಯಲ್ಲಿ ಸಣ್ಣಸ್ವಾಮಿಯವರು ಸೈಕಲ್ಲು ಹತ್ತಲಿಲ್ಲ. ಕೆಂಚಿ ಕ್ಯಾರಿಯರು ಹಿಡಿದಿದ್ದಳು. ಅವರು ಕೋಟನ್ನು ಹೆಗಲ ಮೇಲೆ ಹಾಕಿಕೊಂಡು, ಮುಂದಕ್ಕೆ ಜಗ್ಗುವ ಸೈಕಲ್ಲನ್ನು ಹಿಂದಕ್ಕೆ ಎಳೆದು ಹಿಡಿಯುತ್ತ, ಮುದುಕಿಯ ಕುಂಟು ಹೆಜ್ಜೆಗೆ ತಮ್ಮ ಹೆಜ್ಜೆ ಕೂಡಿಸಿಕೊಂಡು ಇಳಿಯುತ್ತಿದ್ದರು. ಏನೋ ಹೇಳಿ ಅವಳನ್ನು ನಗಿಸುತ್ತಿದ್ದ ಹಾಗೂ ಕಂಡಿತು.

ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಅಕ್ಟೋಬರ್ ಮುಗಿಯಿತು, ಅವರ ಕೆಲಸವೂ ಮುಗಿಯಿತು. ವನಜಮ್ಮನವರ ಸಂಬಳದಲ್ಲಿ ಆರು ತಿಂಗಳು ಮನೆ ನಡೆಯಿತೆಂದೂ, ಆಕೆ ಗಂಡನಿಗೆ ಒಂದು ಬಿರುನುಡಿ ಆಡಲಿಲ್ಲವೆಂದೂ, ಆದರೆ ನನ್ನ ಹೆಸರೆತ್ತಿದರೆ ಮಾತ್ರ ಮುಖ ತಿರುಗಿಸುತ್ತಿದ್ದರೆಂದೂ ಆಮೇಲೆ ತಿಳಿಯಿತು. ಅದು ನ್ಯಾಯವೇ. ಮುಂದಿನ ಬೇಸಗೆಯಲ್ಲಿ ಸುಂಟಿಕೊಪ್ಪದಾಚೆಯ ಒಂದು ಎಸ್ಟೇಟಿನಲ್ಲಿ ಅವರಿಗೆ ರೈಟರ್ ಕೆಲಸ ಸಿಕ್ಕಿತು. ಆ ಲೈನುಗಳ ಜನ ಯಾವ ಅರ್ಜಿ ಬರೆಸಲು ಹೋದರೂ ಅಂದೇ ಬರೆದುಕೊಡುತ್ತಿದ್ದರಂತೆ. ಕೆಂಚಿಗೆ ಎರಡು ವರ್ಷದ ಮೇಲೆ ಅವಳ ನೆಲ ಸಿಕ್ಕಿತು. ಆ ಕಡತ ನನ್ನ ಮೇಜಿನ ಮೇಲೆಯೇ ಹಾದುಹೋಯಿತು. ಅಂಚಿನ ಆ ಗುಂಡನೆಯ ಬರಹವನ್ನು ಓದುವ ಧೈರ್ಯವಾಗದೆ ಪುಟ ಮಗುಚಿ ಮುಂದಕ್ಕೆ ಕಳಿಸಿದೆ.

ಇಂಥವರನ್ನು ಧರ್ಮಾತ್ಮರು, ಮಹಾನುಭಾವರು ಎಂದು ಕೈಮುಗಿದು ಮುಗಿಸುವುದು ಸುಲಭ. ಹಾಗೆ ಕೈಮುಗಿದರೆ ಅವರು ನಮ್ಮಿಂದ ದೂರದವರಾಗುತ್ತಾರೆ, ನಮಗೆ ನೆಮ್ಮದಿಯಾಗುತ್ತದೆ. ಆದರೆ ಆ ತಿಂಗಳು ಸಣ್ಣಸ್ವಾಮಿಯವರೂ ನಮ್ಮ ಹಾಗೆಯೇ ಹೆದರಿದ್ದರು, ನಮ್ಮ ಹಾಗೆಯೇ ತಲೆ ತಗ್ಗಿಸಿ ಹೋಗಿದ್ದರು, ಕೈಯೆತ್ತಿ ಕರೆದವಳನ್ನು ಕಂಡೂ ದಾಟಿ ಬಂದಿದ್ದರು. ಹೊಟ್ಟೆಪಾಡಿನ ದಾರಿಯಲ್ಲಿ ದಾಟಿ ಬರದವರು ಯಾರಿದ್ದಾರೆ? ನಾವೆಲ್ಲ ದಾಟಿ ಬಂದು, ನಮಗೆ ಕೇಳಿಸಲಿಲ್ಲವೆಂಬ, ಲೋಕ ತಾನಾಗಿಯೇ ಒದಗಿಸಿಕೊಡುವ ನೆಪವನ್ನು ಕೃತಜ್ಞತೆಯಿಂದ ಸ್ವೀಕರಿಸಿ, ಕಾಯಮಾಗಿ, ನಿವೃತ್ತರಾಗುತ್ತೇವೆ. ಎಲ್ಲೋ ಒಬ್ಬರು ಮಾತ್ರ ಕೇಳಿಸಿತೆಂದು ಹೇಳಿ, ಸಮಯ ಹಾಕಿ, ಕೆಳಗೆ ತಮ್ಮ ಹೆಸರು ಬರೆಯುತ್ತಾರೆ.