ದೋಣಿಯಲ್ಲದ ತೆಪ್ಪ

"ಮೇಡಂ, ಕೇಳಿಸ್ತಾ ಇದೆಯಾ? ದೋಣಿ ನಿಧಿ ಇರೋದು ದೋಣಿಗೆ. ನಿಮ್ಮ ತೆಪ್ಪ ದೋಣಿ ಅಲ್ಲ."

ಲೈಲ್ ಬ್ರಾಟನ್ ರಾಜಧಾನಿಯ ದೋಣಿ ನಿಧಿ ಕಚೇರಿಯಿಂದ ಫೋನಿನಲ್ಲಿ ಇದನ್ನೇ ಮೂರನೆಯ ಸಲ ಹೇಳುತ್ತಿದ್ದ. ನದಿದಡದ ಜಿಲ್ಲಾ ಕಚೇರಿಯಲ್ಲಿ ತೆಪ್ಪದ ಉಸ್ತುವಾರಿ ನೋಡುವ ಆರ್ಲಿಸ್ ಟ್ವೇಟ್ ಕಿಟಕಿಯಾಚೆ ನೋಡಿದಳು. ಮಿಸೌರಿ ನದಿ ಕೆಸರು ಬಣ್ಣಕ್ಕೆ ತಿರುಗಿ ಹರಿಯುತ್ತಿತ್ತು. ನಡುವೆ ಎರಡು ಪಿಕಪ್ ಟ್ರಕ್ ಹಿಡಿಸುವಷ್ಟು ಅಗಲದ ಕಬ್ಬಿಣದ ತೆಪ್ಪ, ದಡದಿಂದ ದಡಕ್ಕೆ ಬಿಗಿದ ಕೇಬಲ್ ಹಿಡಿದು ತೆವಳುತ್ತಿತ್ತು.

"ನೀರಿನ ಮೇಲೆ ತೇಲುತ್ತೆ, ಲೈಲ್."

"ಬಾತುಕೋಳೀನೂ ತೇಲುತ್ತೆ ಮೇಡಂ."

ತೆಪ್ಪದ ತಳದ ತಗಡು ಸವೆದು ಹೋಗಿತ್ತು. ತಿಂಗಳ ಕೊನೆಯೊಳಗೆ ಬದಲಾಯಿಸದಿದ್ದರೆ ಓಡಾಟ ಬಂದ್ ಎಂದು ತಪಾಸಣೆಯವರು ಬರೆದು ಹೋಗಿದ್ದರು. ಆಮೇಲೆ ಆಚೆ ದಡದ ಹದಿನೆಂಟು ಮನೆಯವರು ಊರಿಗೆ ಬರಲು ಅರವತ್ತು ಮೈಲಿ ಸುತ್ತಬೇಕು. ದೋಣಿ ಇಟ್ಟವರು ವರ್ಷವರ್ಷ ಕಟ್ಟುವ ಶುಲ್ಕದಿಂದ ತುಂಬಿದ ನಿಧಿಯೊಂದಿತ್ತು. ಅದರಲ್ಲಿ ದೋಣಿಗಲ್ಲದೆ ಬೇರೆ ಯಾವುದಕ್ಕೂ ಒಂದು ಮೊಳೆ ಕೊಳ್ಳುವಂತಿರಲಿಲ್ಲ. ರಸ್ತೆ ಇಲಾಖೆಯವರನ್ನೂ ಕೇಳಿಯಾಗಿತ್ತು. ತೆಪ್ಪ ನಡೆಸುವ ಓರಿನ್‌ಗೆ ರಸ್ತೆ ಕೆಲಸಗಾರನೆಂದು ಸಂಬಳವನ್ನೇನೋ ಅವರೇ ಕೊಡುತ್ತಿದ್ದರು. ರಿಪೇರಿಯ ನಿಧಿ ಮಾತ್ರ ಡಾಂಬರಿಗೆ, ಸೇತುವೆಗೆ. ತಗಡು ಎರಡೂ ಅಲ್ಲ ಎಂದು ಮಾರ್ಚ್‌ನಲ್ಲೇ ಕೈತೊಳೆದುಕೊಂಡಿದ್ದರು. ದೋಣಿ ನಿಧಿಗೆ ಅರ್ಜಿ ಹಾಕಲು ಇವತ್ತು ಸಂಜೆ ಐದು ಗಂಟೆಯೇ ಗಡುವು.

"ದೋಣಿ ಅಲ್ಲ ಅಂತ ಹೇಳಿದ್ದು ಯಾರು?"

ಅತ್ತ ಕಾಗದ ಸರಿದ ಸದ್ದು. "ನೀವೇ ಮೇಡಂ. ಹನ್ನೊಂದು ವರ್ಷದ ಹಿಂದೆ. ನಿಮ್ಮ ಸಹಿ ಇದೆ."

ಅವಳು ಮರೆತಿರಲಿಲ್ಲ. ಆ ಕಡತ ಎಲ್ಲಾದರೂ ಕಳೆದುಹೋಗಿರಲಿ ಎಂದುಕೊಂಡಿದ್ದಳು, ಅಷ್ಟೇ. ಆ ವರ್ಷ ಸರ್ಕಾರಿ ದೋಣಿ ನಡೆಸುವವರೆಲ್ಲ ಪರವಾನಗಿ ಪಡೆಯಬೇಕು, ಕಣ್ಣಿನ ಪರೀಕ್ಷೆ ಪಾಸಾಗಬೇಕು ಎಂಬ ನಿಯಮ ಬಂತು. ಚಿಕ್ಕಂದಿನಲ್ಲಿ ಬೇಲಿ ತಂತಿ ಸಿಡಿದು ಓರಿನ್‌ನ ಎಡಗಣ್ಣು ಹೋಗಿತ್ತು. ಆದರೆ ಕೇಬಲ್ ಗುಂಯ್ಗುಡುವುದನ್ನು ಕೇಳಿಯೇ ನದಿಯ ಸೆಳೆತ ಹೇಳಬಲ್ಲ ಮನುಷ್ಯ. ಅವನಿಗೆ ಆ ಪರೀಕ್ಷೆ ತಪ್ಪಿಸಲು ಆಗ ಆರ್ಲಿಸ್ ಬರೆದಿದ್ದಳು: 'ಎರಡೂ ದಡಕ್ಕೆ ಕಟ್ಟಿಹಾಕಿದ, ಬೇರೆಲ್ಲಿಗೂ ಹೋಗಲಾಗದ ಇದು ದೋಣಿಯಲ್ಲ, ಚಲಿಸುವ ರಸ್ತೆಯ ತುಂಡು.' ಆ ವಾಕ್ಯದ ಬಗ್ಗೆ ಅವಳಿಗೆ ತುಸು ಹೆಮ್ಮೆಯೂ ಇತ್ತು.

"ಅದನ್ನ ವಾಪಸ್ ತಗೊಂಡೆ ಅಂತ ಮೂರು ಸಾಲು ಬರೀರಿ. ನಿಧಿ ಬಾಗಿಲು ತೆರೆಯುತ್ತೆ," ಎಂದ ಲೈಲ್.

"ನಡೆಸೋನ ಗತಿ?"

"ಅದು ನನ್ನ ಫೈಲಲ್ಲಿಲ್ಲ ಮೇಡಂ."

ಮೂರೂವರೆಗೆ ಓರಿನ್ ಸ್ಕಾರ್ ಬಂದ. ಬೂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನಂತೆ ಮಾರಾಯ್ತಿ? ಇವತ್ತು ನಾನು ನಡೆಸ್ತಿರೋದು ಏನು? ರಸ್ತೆನೋ, ದೋಣಿನೋ, ಹಂದಿ ಗೂಡೋ?"

ಅವಳು ಹಳೆಯ ಪತ್ರದ ಪ್ರತಿಯನ್ನು ಮುಂದಿಟ್ಟು, ಲೈಲ್ ಹೇಳಿದ್ದನ್ನು ಹೇಳಿದಳು. ಓರಿನ್ ಕಾಗದವನ್ನು ಬಲಗಣ್ಣಿನ ಹತ್ತಿರ ಹಿಡಿದು ಓದಿದ.

"ಒಂಟಿಕಣ್ಣಿನೋರಿಗೆ ಯಾವ ನಿಧಿನೂ ಇಲ್ವಾ?"

"ಇದೆ. ಎರಡೂ ಹೋಗಿರ್ಬೇಕು."

ಅವನು ಮೂಗಿನಲ್ಲೇ ನಕ್ಕ. ಅವಳಿಗೆ ನಗಲಾಗಲಿಲ್ಲ.

"ಪಿಂಚಣಿಗೆ ಇನ್ನೂ ಹದಿನಾಲ್ಕು ತಿಂಗಳಿದೆ ನಿಮಗೆ, ಓರಿನ್."

"ಗೊತ್ತು. ಆಚೆ ಹದಿನೆಂಟು ಮನೆ ಇದಾವೆ, ಅದೂ ಗೊತ್ತು. ಬರಿ."

ಅವಳು ಕಂಪ್ಯೂಟರಿನಲ್ಲಿ ನಮೂನೆ ತೆರೆದು ತುಂಬತೊಡಗಿದಳು. ಕಾರಣ ಎಂಬ ಕಾಲಂ ಹತ್ತಿರ ಬೆರಳು ನಿಂತಿತು. ಅಲ್ಲಿ ಆಯ್ಕೆ ಒಂದೇ ಇತ್ತು: 'ಹಿಂದಿನ ಅಭಿಪ್ರಾಯ ತಪ್ಪಾಗಿತ್ತು.'

"ತಪ್ಪು ಅಂತ ಹಾಕ್ಬೇಡ. ಅದು ತಪ್ಪಲ್ಲ."

"ಹಾಕ್ದೆ ಇದ್ರೆ ತಗೊಳ್ಳಲ್ಲ."

ಇಬ್ಬರೂ ಆ ಸಾಲನ್ನು ನೋಡುತ್ತ ಕುಳಿತರು. ಗಡಿಯಾರ ನಾಲ್ಕೂಕಾಲು ದಾಟಿತು. ಆಚೆ ದಡದಲ್ಲಿ ಯಾರೋ ಹಾರ್ನ್ ಒತ್ತಿದರು.

"ಯಾವಾಗಿಂದ ಜಾರಿ?" ಓರಿನ್ ಎದ್ದ.

"ಕಳಿಸಿದ ಗಳಿಗೆಯಿಂದ."

"ಹಾಗಾದ್ರೆ ಅವನನ್ನ ದಾಟಿಸಿ ಬಿಡ್ತೀನಿ. ಅಲ್ಲೀತನಕ ನಾನಿನ್ನೂ ರಸ್ತೆ ಮೇಲಿರ್ತೀನಿ."

ಅವಳು ಕಿಟಕಿಯಲ್ಲಿ ನಿಂತಳು. ತೆಪ್ಪ ಹೋಯಿತು, ಒಂದು ಪಿಕಪ್ ಹತ್ತಿಸಿಕೊಂಡಿತು. ನಡುನೀರಿನಲ್ಲಿ ಓರಿನ್ ಬಗ್ಗಿ ತಳದ ನೀರನ್ನು ಕೈಪಂಪಿನಿಂದ ಹೊರಹಾಕುತ್ತಿದ್ದ. ಅವಸರವೇ ಇಲ್ಲದವನಂತೆ. ಅವನು ಈಚೆ ದಡಕ್ಕೆ ಬಂದು ಸರಪಳಿ ಬಿಗಿದು, ಕಚೇರಿಯ ಕಡೆ ನೋಡದೆಯೇ ಕೈ ಎತ್ತಿದಾಗ ಐದಕ್ಕೆ ಏಳು ನಿಮಿಷ. ಆರ್ಲಿಸ್ 'ತಪ್ಪಾಗಿತ್ತು' ಎಂಬುದಕ್ಕೆ ಗುರುತು ಹಾಕಿ, ಅರ್ಜಿಯೊಂದಿಗೆ ಕಳಿಸಿದಳು.

ಐದಕ್ಕೆ ಎರಡು ನಿಮಿಷ ಇರುವಾಗ ಲೈಲ್‌ನ ಉತ್ತರ ಬಂತು. 'ತಲುಪಿತು. ಧನ್ಯವಾದ. ತಗಡಿಗೆ ಒಪ್ಪಿಗೆ ಸಿಗುತ್ತದೆ. ಸೋಮವಾರದಿಂದ ಪರವಾನಗಿ ಇರುವ ಚಾಲಕನನ್ನು ನೇಮಿಸಿಕೊಳ್ಳಿ. ದೋಣಿಯಾದ ಕಾರಣ ರಸ್ತೆಯವರು ಇನ್ನು ಸಂಬಳ ಕೊಡುವುದಿಲ್ಲ. ದೋಣಿ ನಿಧಿಯನ್ನು ಸಂಬಳಕ್ಕೆ ಬಳಸುವಂತಿಲ್ಲ ಎಂಬುದು ಗಮನದಲ್ಲಿರಲಿ.'

ಎರಡು ಸಲ ಓದಿದಳು. ಕೆಳಗೆ ದಡದಲ್ಲಿ ಓರಿನ್ ಇನ್ನೂ ಅಲ್ಲೇ ನಿಂತಿದ್ದ, ಅವಳು ಇಳಿದು ಬಂದು ಏನಾಯಿತೆಂದು ಹೇಳಲಿ ಎಂದು.