ಒಂದು ಕಾಲು ನಿನ್ನದು

ಹಾಸ್ಟೆಲಿನ ಹುಡುಗಿಯರು ಅವಳಿಗೆ ಇಟ್ಟ ಹೆಸರು ಮೆಣಸಿನಕಾಯಿ. ಮೂಗಿನ ತುದಿಯಲ್ಲೇ ಕೋಪ, ನಾಲಿಗೆಯ ತುದಿಯಲ್ಲೇ ಉತ್ತರ. ನರ್ಸಿಂಗ್ ಶಾಲೆಗೆ ಸೇರಿದ ಮೇಲೆ ಅವಳೊಳಗೆ ಒಂದು ಆಸೆ ಗುಟ್ಟಾಗಿ ಬೇರುಬಿಟ್ಟಿದ್ದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಪಾಠ ಹೇಳುವ ಟೀಚರ್ ತನ್ನ ತಾಯಿಯಾಗಿದ್ದಿದ್ದರೆ!

ತಾಯಿ ಇರಲಿಲ್ಲವೆಂದಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಇನ್ನೊಂದು ಮದುವೆಯಾಗಿ ಬೇರೆ ಊರು ಸೇರಿದ್ದಳು. ಆ ಮನೆಯವರಿಗೆ ಹಳೆಯ ಸಂಸಾರದ ನೆರಳೂ ಬೇಡವಾಗಿತ್ತು. ಮಗಳನ್ನು ಸೋದರತ್ತೆ ಸಾಕಿದಳು. ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡಲಿಲ್ಲ. ಅಮ್ಮ ಯಾವಾಗಲೋ ಒಮ್ಮೆ ಕದ್ದುಮುಚ್ಚಿ ಫೋನ್ ಮಾಡುವಳು. ನಂಬರ್ ಕಂಡ ಕೂಡಲೇ ಮಗಳು ಕಟ್ ಮಾಡುವಳು. ಮಾಡಿದ ಮೇಲೆ, ಇನ್ನೊಮ್ಮೆ ಬರಲಿ ಎಂದು ಫೋನನ್ನೇ ನೋಡುತ್ತ ಕೂರುವಳು.

ಟೀಚರ್ ಮದುವೆಯಾಗದ ಹೆಂಗಸು. ಮುರಿದ ಕನ್ನಡಕಕ್ಕೆ ಆಸ್ಪತ್ರೆಯ ಪ್ಲಾಸ್ಟರನ್ನೇ ಸುತ್ತಿಕೊಂಡು ಓಡಾಡುತ್ತಿದ್ದರು. ಹೇಳಿಕೊಡುವುದಕ್ಕಿಂತ ಮಾಡಿ ತೋರಿಸುವುದೇ ಹೆಚ್ಚು. ರೋಗಿಯನ್ನು ಮುಟ್ಟುವ ಮೊದಲು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವರು. ಯಾರಾದರೂ ಹಾಸಿಗೆಯ ನಂಬರಿನಿಂದ ರೋಗಿಯನ್ನು ಕರೆದರೆ, "ಏಳು ಏಳು ಅಂತ ಕೂಗ್ಬೇಡ್ರೇ, ಪಾಪ, ಎದ್ದು ಕೂತ್ಬಿಡ್ತಾರೆ. ಹೆಸರಿದೆಯಲ್ಲ, ಹೆಸರು ಹಿಡಿದು ಕರೀರಿ" ಎಂದು ನಗುವರು. ಅವರು ಭಾನುವಾರ ಚರ್ಚಿಗೆ ಹೋಗುತ್ತಾರೆ, ಕತ್ತಿನ ಸರದಲ್ಲಿ ಪುಟ್ಟ ಶಿಲುಬೆಯಿದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅದರ ಬಗ್ಗೆ ತರಗತಿಯಲ್ಲಿ ತುಟಿ ಪಿಟಕ್ಕೆಂದವರಲ್ಲ.

ಹೆಂಗಸರ ವಾರ್ಡಿನಲ್ಲಿ ಒಬ್ಬಳು ಮುದುಕಿಯಿದ್ದಳು. ಕಣ್ಣು ಮಂಜು, ಬಾಯಿ ಮಾತ್ರ ಗರಗಸ. ಮಗಳು ಬರುತ್ತಾಳೆಂದು ದಿನವೂ ಬಾಗಿಲ ಕಡೆ ಕಿವಿಗೊಟ್ಟು, ಬಾರದಿದ್ದಾಗ ಹತ್ತಿರ ಬಂದವರ ಜನ್ಮ ಜಾಲಾಡುತ್ತಿದ್ದಳು. ಒಂದು ಬೆಳಿಗ್ಗೆ ಕುಡಿಸಲು ಹೋದ ಹಾಲಿನ ಲೋಟಕ್ಕೆ ಕೈ ಬೀಸಿದಳು. ಮೆಣಸಿನಕಾಯಿಯ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ತುಂಬ ಹಾಲು.

"ನಿಮ್ಮ ಈ ಬಾಯಿಗೆ ಹೆದರಿಯೇ ಮಗಳು ಇತ್ತ ತಲೆ ಹಾಕ್ತಿಲ್ಲ!" ಎಂದುಬಿಟ್ಟಳು ಹುಡುಗಿ.

ಮುದುಕಿ ಗೋಡೆಯ ಕಡೆ ಹೊರಳಿದಳು. ಹುಡುಗಿ ತಿರುಗಿ ನೋಡಿದರೆ ಬಾಗಿಲಲ್ಲಿ ಟೀಚರ್.

ಅವರು ಹೊರಗೆ ಹೋದರು. ಬೇಸಿನ್ನಿನಲ್ಲಿ ಬಿಸಿನೀರು, ಹೆಗಲ ಮೇಲೆ ಟವೆಲು ಹೊತ್ತು ಮರಳಿ ಬಂದು ಮುದುಕಿಯನ್ನು ಮೆಲ್ಲಗೆ ಎಬ್ಬಿಸಿ ಕೂರಿಸಿದರು. ಆಮೇಲೆ ನೆಲಕ್ಕೆ ಮಂಡಿಯೂರಿದರು.

"ಬಾ. ಒಂದು ಕಾಲು ನಿನ್ನದು, ಒಂದು ನಂದು."

"ಎರಡೇಟು ಹೊಡೆದುಬಿಡಿ ಟೀಚರ್."

"ನೀರು ಆರಿಹೋಗುತ್ತೆ, ಕೂತ್ಕೊಳ್ಳೇ."

ಬಿರಿದ ಹಿಮ್ಮಡಿ, ಬಿರುಕಿನಲ್ಲಿ ಎಂದಿನದೋ ಮಣ್ಣು. ಹುಡುಗಿ ಬೆರಳಿನಿಂದ ಉಜ್ಜತೊಡಗಿದಳು. ಅವಳ ಬಗ್ಗಿದ ತಲೆಯನ್ನು ಮುದುಕಿಯ ಕೈ ತಡವಿತು.

"ಬಂದ್ಯಾ ಮಗಳೇ?"

ಹೂಂ ಅಂದರೆ ಮುಗಿಯಿತು. ಟೀಚರ ಮುಖ ನೋಡಿದಳು. ಅವರು ತಮ್ಮ ಪಾಲಿನ ಕಾಲನ್ನು ತೊಳೆಯುತ್ತಲೇ ಇದ್ದರು. ಬಾರದವಳನ್ನು ಬಂದಳೆಂದು ನಂಬಿಸುವುದು ಎಂಥ ಮೋಸವೆಂದು ತನಗಿಂತ ಚೆನ್ನಾಗಿ ಬಲ್ಲವರು ಯಾರು?

"ಮಗಳಲ್ಲ ಅಜ್ಜಿ. ಈಗ ಬಾಯಿಗೆ ಬಂದ ಹಾಗೆ ಅಂದೆನಲ್ಲ, ಅವಳೇ. ತಪ್ಪಾಯ್ತು."

ಮುದುಕಿ ಕೈ ತೆಗೆಯಲಿಲ್ಲ. "ಬಾಯಿ ನನ್ನಂಥದೇ," ಎಂದಳು ಕೊನೆಗೆ. "ಕೈ ಪರವಾಗಿಲ್ಲ."

ಬೇಸಿನ್ ತೊಳೆಯುವ ನಲ್ಲಿಯ ಹತ್ತಿರ ಹುಡುಗಿ ಅತ್ತಳು. ಟೀಚರ್ ಟವೆಲು ಹಿಂಡುತ್ತಿದ್ದರು.

"ನಿಮಗೆ ಸಿಟ್ಟೇ ಬರಲ್ವಾ ಟೀಚರ್?"

"ಬರದೆ ಏನು? ಆಗ ಬಿಸಿನೀರು ತರೋಕೆ ಹೋಗ್ತೀನಿ. ಬರೋಷ್ಟರಲ್ಲಿ ಸ್ವಲ್ಪ ಇಳಿದಿರುತ್ತೆ."

"ಇದನ್ನೆಲ್ಲ ಎಲ್ಲಿ ಕಲಿತ್ರಿ?"

ಟೀಚರ್ ತುಸು ನಾಚಿದರು. "ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ್ರಂತೆ. ಅದೇ ರಾತ್ರಿ ಯಾರು ಕೈ ಕೊಡ್ತಾರೆ, ಯಾರು ಓಡಿಹೋಗ್ತಾರೆ ಅಂತ ಗೊತ್ತಿದ್ದೂ ತೊಳೆದ್ರು. ನಂಗೆ ಅಷ್ಟು ಬರಲ್ಲ, ಇನ್ನೂ ಕಲೀತಿದ್ದೀನಿ." ಇಷ್ಟು ಹೇಳಿ ಟವೆಲು ಒಣಹಾಕಲು ಹೋದರು.

ಮಗಳು ಬರುವ ಮೊದಲೇ ಮುದುಕಿ ತೀರಿಕೊಂಡಳು. ವರ್ಷ ಮುಗಿಯುವ ಹೊತ್ತಿಗೆ ಟೀಚರೂ ನಿವೃತ್ತರಾಗಿ, ಹಾಸಿಗೆ ಹಿಡಿದಿದ್ದ ಅಣ್ಣನ ಆರೈಕೆಗೆ ದೂರದ ಊರಿಗೆ ಹೊರಟುಹೋದರು. ಹುಡುಗಿಯರೆಲ್ಲ ಅಳುತ್ತ ಕಾಲಿಗೆ ಬೀಳಲು ಹೋದಾಗ "ಏ, ಸೊಂಟ ಉಳುಕುತ್ತೆ, ಏಳ್ರೇ" ಎಂದು ನಗಿಸಿದ್ದರು. ಮೆಣಸಿನಕಾಯಿಗೆ ಏನೇನೋ ಹೇಳಬೇಕೆನ್ನಿಸಿತ್ತು. "ಹುಷಾರು ಟೀಚರ್" ಎಂದಷ್ಟೇ ಬಾಯಿಗೆ ಬಂತು.

ಅವರಿಲ್ಲದ ವಾರ್ಡು ಅವಳಿಗೆ ಬಿಕೋ ಎನ್ನುತ್ತಿತ್ತು. ಟೀಚರ ಹಾಗೆ ಮೊಣಕಾಲು ನೋವಿನವರು ಯಾರೋ ವರಾಂಡದಲ್ಲಿ ನಿಧಾನವಾಗಿ ನಡೆದು ಬಂದರೆ, ಇಂಜೆಕ್ಷನ್ ತುಂಬುತ್ತಿದ್ದವಳು ತಲೆ ಎತ್ತುವಳು. ಬೇರೆ ಯಾರೋ ಆಗಿರುವರು.

ಒಂದು ಮಧ್ಯಾಹ್ನ, ತಾರಸಿಯ ಮೇಲೆ ಹಾಸಿಗೆ ಬಟ್ಟೆ ಹರವುತ್ತಿದ್ದಾಗ, ಅಮ್ಮನ ಫೋನು. ಬೆರಳು ವಾಡಿಕೆಯಂತೆ ಕಟ್ ಮಾಡಲು ಹೋಯಿತು. ಒಂದು ಗಳಿಗೆ ತಡೆದಳು. ಆಮೇಲೆ ಎತ್ತಿದಳು.

"ಹೇಳಮ್ಮ."

ಎತ್ತುತ್ತಾಳೆಂದು ಅಮ್ಮ ಎಣಿಸಿಯೇ ಇರಲಿಲ್ಲ.

"ಊಟ ಆಯ್ತಾ?" ಎಂದಳು ಪಿಸುದನಿಯಲ್ಲಿ.

"ಆಯ್ತು. ನಿಂದು?"

"ಇನ್ನೂ ಇಲ್ಲ. ಕೂದಲು ಉದ್ದ ಬಿಟ್ಟಿದೀಯಾ? ಚಿಕ್ಕವಳಿದ್ದಾಗ..." ಅಷ್ಟರಲ್ಲಿ ಆ ಮನೆಯಲ್ಲಿ ಯಾರೋ ಕರೆದರು. "ಇಡ್ತೀನಿ ಮಗಾ."

ಇಷ್ಟೇ. ಎಷ್ಟೋ ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದಕ್ಕೆ ಸಿಕ್ಕಿದ್ದು ಇಷ್ಟು. ಅವಳಿಗೆ ಕೋಪ ಬರಲಿಲ್ಲ. ಬಂದದ್ದು ಅದಕ್ಕಿಂತ ಕಷ್ಟದ್ದು: ಪಾಪ, ಅಮ್ಮ ಇನ್ನೂ ಉಂಡಿಲ್ಲ ಎನ್ನುವ ಸಂಕಟ. ಇದನ್ನು ಟೀಚರಿಗೆ ಹೇಳಬೇಕು ಎನ್ನಿಸಿ, ಎದುರಿಗೆ ಅವರಿಲ್ಲದ್ದು ಹೊಸದಾಗಿ ನೆನಪಾಯಿತು.

ಆ ಭಾನುವಾರ ಅವಳು ಟೀಚರ್ ಹೋಗುತ್ತಿದ್ದ ಚರ್ಚಿಗೆ ಹೋಗಿ ಹಿಂದಿನ ಬೆಂಚಿನ ತುದಿಯಲ್ಲಿ ಕುಳಿತಳು. ಟೀಚರ್ ಎಲ್ಲಿ ಕೂರುತ್ತಿದ್ದರೋ ತಿಳಿಯದು. ಹಾಡು ಒಂದೂ ಬಾರದು. ಎದೆಯ ತುಂಬ ಯಾರಿಗಾಗಿಯೋ ಹಂಬಲ. ಅದು ಟೀಚರಿಗಾಗಿಯೋ, ಅಮ್ಮನಿಗಾಗಿಯೋ, ಟೀಚರ್ ಯಾರನ್ನು ನೋಡಿ ಕಲಿಯುತ್ತಿದ್ದರೋ ಅವರಿಗಾಗಿಯೋ ಬಿಡಿಸಿ ಹೇಳಲಾರದಾದಳು.

ಎಲ್ಲರೂ ಪ್ರಾರ್ಥನೆಗೆ ಎದ್ದು ನಿಂತರು. ಅವಳೂ ಎದ್ದಳು.